ಓಯಾಮಾ: ಊರಿನ ಹೆಸರನ್ನು ಉಳಿಸಿದ ಸಂಘ

ಸಹಕಾರ ಸಂಘ ಅಂದರೆ ಸಾಲ, ಗೊಬ್ಬರ, ಬಿತ್ತನೆ ಬೀಜ ಇಷ್ಟೇ ಎಂಬುದು ನಮ್ಮಲ್ಲಿ ಹಲವರ ಎಣಿಕೆ. ಸಂಘವು ಊರಿನ ಹಣೆಬರಹವನ್ನೇ ಬದಲಿಸಬಲ್ಲದು, ಊರಾಡಳಿತವೇ ಇಲ್ಲವಾದಾಗ ಅದರ ಹೆಸರನ್ನೂ ಕಾಯಬಲ್ಲದು ಎಂಬುದಕ್ಕೆ ಜಪಾನಿನ ಓಯಾಮಾ ಸಾಕ್ಷಿ. ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಅದರ ಚರಿತ್ರೆಯನ್ನು ನಾವು ಸ್ವಲ್ಪ ಅವಲೋಕಿಸೋಣ.

ಕ್ಯೂಶೂ ದ್ವೀಪದ ಓಯಿತಾ ಪ್ರಾಂತದಲ್ಲಿ ಬೆಟ್ಟಗಳ ನಡುವೆ ಇದ್ದ ಬಡ ಹಳ್ಳಿ ಓಯಾಮಾ. ಗದ್ದೆ ಮಾಡಲು ಸಮತಟ್ಟಾದ ಜಾಗವೇ ಕಡಿಮೆ. ಆದರೂ ಭತ್ತವನ್ನೇ ಹೆಚ್ಚು ಬೆಳೆಯಿರಿ ಎಂಬುದು ಆಗಿನ ಸರ್ಕಾರದ ಉಪದೇಶ. ಹಳ್ಳಿಯ ಮುಖ್ಯಸ್ಥರೂ ಸಹಕಾರ ಸಂಘದ ಅಧ್ಯಕ್ಷರೂ ಆಗಿದ್ದ ಹರುಮಿ ಯಹಾತಾ ಅವರು ಬೇರೆಯೇ ಲೆಕ್ಕ ಹಾಕಿದರು. ಇಳಿಜಾರಿನಲ್ಲಿ ಮರ ನೆಟ್ಟರೆ ದುಡಿಮೆ ಕಡಿಮೆ, ಹುಟ್ಟುವಳಿ ಹೆಚ್ಚು. 1961ರಲ್ಲಿ ಚಳವಳಿ ಶುರುವಾಯಿತು. ಅದರ ಘೋಷಣೆ ಏನು ಗೊತ್ತೇ? ಉಮೆ ಹಣ್ಣು, ಚೆಸ್ಟ್‌ನಟ್ ಬೆಳೆಯೋಣ, ಹವಾಯಿಗೆ ಹೋಗೋಣ!

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದ ಹಾಗಿತ್ತು. ಜಪಾನಿನ ಸಾಮಾನ್ಯ ಜನ ಪ್ರವಾಸಕ್ಕೆಂದು ಹೊರದೇಶಕ್ಕೆ ಹೋಗಲು ಅವಕಾಶವಾದದ್ದೇ 1964ರಲ್ಲಿ. ಆದರೆ 1967ರಲ್ಲಿ ಓಯಾಮಾದ ಮೊದಲ ತಂಡ ಹವಾಯಿ ನೋಡಿಕೊಂಡು ಬಂದೇ ಬಂತು! 1969ರಲ್ಲಿ ಹಳ್ಳಿಯು ಪಟ್ಟಣವಾಯಿತು. ಉಮೆಯ ಉಪ್ಪಿನಕಾಯಿ, ಅಣಬೆ ಹೀಗೆ ಒಂದೊಂದೇ ಕಸುಬು ಸೇರಿದವು. 1979ರಲ್ಲಿ ಪ್ರಾಂತದ ಗವರ್ನರ್ ಮೊರಿಹಿಕೊ ಹಿರಾಮತ್ಸು ಅವರು ‘ಒಂದು ಹಳ್ಳಿ, ಒಂದು ಉತ್ಪನ್ನ’ ಚಳವಳಿ ಹೂಡಿದಾಗ ಅವರ ಕಣ್ಣ ಮುಂದಿದ್ದ ಮಾದರಿಗಳಲ್ಲಿ ಓಯಾಮಾ ಮುಖ್ಯವಾದದ್ದು. 1990ರಲ್ಲಿ ಸಂಘವು ‘ಕೊನೊಹಾನಾ ಗಾರ್ಟೆನ್’ ಎಂಬ ಮಾರಾಟ ಮಳಿಗೆ ತೆರೆದು, ರೈತರ ಮಾಲನ್ನು ನೇರವಾಗಿ ಗಿರಾಕಿಗೆ ಮುಟ್ಟಿಸಿತು.

ಇಷ್ಟೆಲ್ಲ ಆದರೂ ಕಾಲ ಯಾರನ್ನೂ ಬಿಡಲಿಲ್ಲ. ಜಪಾನಿನಾದ್ಯಂತ ಹಳ್ಳಿಗಳಲ್ಲಿ ಮುದುಕರೇ ಉಳಿದರು, ಯುವಕರು ಶಹರ ಸೇರಿದರು. ಸಣ್ಣ ಊರುಗಳು ಒಂದಾಗಲಿ ಎಂದು ಸರ್ಕಾರ ಒತ್ತಾಯವನ್ನೂ ಮಾಡಿತು, ಹಣದ ಆಸೆಯನ್ನೂ ತೋರಿಸಿತು. 1999ರಲ್ಲಿ 3,232 ಇದ್ದ ನಗರ, ಪಟ್ಟಣ, ಹಳ್ಳಿಗಳ ಆಡಳಿತಗಳು 2010ರ ಮಾರ್ಚ್ ಹೊತ್ತಿಗೆ 1,727ಕ್ಕೆ ಇಳಿದವು. ಓಯಾಮಾ ಸಹ 2005ರ ಮಾರ್ಚ್ 22ರಂದು ಇನ್ನೊಂದು ಪಟ್ಟಣ ಹಾಗೂ ಮೂರು ಹಳ್ಳಿಗಳ ಜೊತೆ ಹಿತಾ ನಗರದಲ್ಲಿ ಸೇರಿಹೋಯಿತು. ಸ್ವಂತ ಪುರಸಭೆ ಇಲ್ಲ, ಪುರಾಧ್ಯಕ್ಷರಿಲ್ಲ. ಸರ್ಕಾರಿ ಕಡತದಲ್ಲಿ ಓಯಾಮಾ ಎಂಬ ಪಟ್ಟಣ ಮುಗಿದ ಕಥೆ.

ಆದರೆ ಸಂಘ ಮಾತ್ರ ಉಳಿಯಿತು. ಸಣ್ಣ ಸಂಘಗಳು ದೊಡ್ಡವುಗಳಲ್ಲಿ ಲೀನವಾಗುತ್ತಿದ್ದ ಕಾಲದಲ್ಲೂ ಅದು ತನ್ನ ಕಾಲ ಮೇಲೆ ನಿಂತಿತು. ಅದರ ಹೆಸರಿನಲ್ಲಿ ಇಂದಿಗೂ ‘ಓಯಾಮಾ ಮಾಚಿ’ ಅಂತಲೇ ಇದೆ. ಮಾಚಿ ಅಂದರೆ ಪಟ್ಟಣ. ಪಟ್ಟಣದ ಆಡಳಿತ ಹೋದರೂ ಹೆಸರು ಸಂಘದ ಬೋರ್ಡಿನಲ್ಲಿ ಬದುಕಿದೆ.

ಪುರಸಭೆಯನ್ನು ಕೊಟ್ಟದ್ದು ಸರ್ಕಾರ, ಅದನ್ನು ತೆಗೆದದ್ದೂ ಸರ್ಕಾರದ ಕಾನೂನೇ. ಸಂಘವನ್ನು ಕಟ್ಟಿದವರು ಸದಸ್ಯರು. ಅದು ಇರಬೇಕೋ ಬೇಡವೋ ಎಂಬುದೂ ಸದಸ್ಯರ ಕೈಯಲ್ಲೇ ಇದೆ. ಬೆಳ್ಳಿಹಬ್ಬದ ದಿನ ನಾವು ನೆನಪಿಡಬೇಕಾದ ಮಾತು ಇದೇ ಎಂದು ನಮ್ಮ ಭಾವನೆ.