ತಾಮ್ರತಂತಿಯ ಎರಡನೆಯ ಬದುಕು

ತಂತ್ರಜ್ಞಾನದ ಚರಿತ್ರೆಯನ್ನು ಹೊಸ ವಸ್ತುಗಳ ಆಗಮನದ ಚರಿತ್ರೆಯಾಗಿ ಬರೆಯುವ ರೂಢಿ ಬಲವಾಗಿದೆ. ಹಳೆಯ ವಸ್ತುವೊಂದು ಹೊಸ ಅರಿವಿನಿಂದ ಮತ್ತೆ ಬಳಕೆಗೆ ಬಂದ ಸಂದರ್ಭಗಳು ಇದರಿಂದ ಮರೆಯಾಗುತ್ತವೆ. ಮಾತಿಗೆಂದು ಎಳೆದ ದೂರವಾಣಿಯ ತಾಮ್ರತಂತಿಯಲ್ಲಿಯೇ ಇಪ್ಪತ್ತನೆಯ ಶತಮಾನದ ಕೊನೆಗೆ ಬ್ರಾಡ್‌ಬ್ಯಾಂಡ್ ಹರಿದುದು ಅಂತಹ ಒಂದು ಸಂದರ್ಭ. ಇದನ್ನು ಗಣಿತದ ಗೆಲುವೆಂದು ವರ್ಣಿಸುವುದುಂಟು. ಆ ವರ್ಣನೆ ಸುಳ್ಳಲ್ಲ, ಅಪೂರ್ಣ ಎಂಬುದು ಪ್ರಸ್ತುತ ಲೇಖನದ ನಿಲುವು.

ಆರಂಭದ ದೂರವಾಣಿ ಮಾರ್ಗಗಳಲ್ಲಿ ಒಂಟಿ ತಂತಿಯಿದ್ದು, ಭೂಮಿಯೇ ಮರುಮಾರ್ಗವಾಗಿತ್ತು. ನೆರೆಯ ತಂತಿಗಳ ಸದ್ದು ಅದರೊಳಗೆ ನುಸುಳುತ್ತಿತ್ತು. ಎರಡು ತಂತಿಗಳನ್ನು ಹೊಸೆದರೆ ಹೊರಗಿನ ಪ್ರಭಾವ ಎರಡರ ಮೇಲೂ ಸಮನಾಗಿ ಬಿದ್ದು ರದ್ದಾಗುತ್ತದೆಂಬ ತತ್ವಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಪೇಟೆಂಟ್ ಪಡೆದರು. ಹಗ್ಗದ ಕಸುಬಿನಲ್ಲಿ ಹೊಸೆಯುವುದು ಬಲಕ್ಕಾಗಿ. ಇಲ್ಲಿ ಅದು ನಿಶ್ಶಬ್ದಕ್ಕಾಗಿ.

ಮಾತಿಗೆ 300ರಿಂದ 3400 ಹರ್ಟ್ಸ್‌ವರೆಗಿನ ಆವರ್ತನಗಳು ಸಾಕೆಂದು ವಿನಿಮಯ ಕೇಂದ್ರದ ಉಪಕರಣಗಳು ಉಳಿದುದನ್ನು ಕತ್ತರಿಸುತ್ತಿದ್ದವು. ಡಯಲ್-ಅಪ್ ಮೋಡೆಮ್ ಸೆಕೆಂಡಿಗೆ 56 ಕಿಲೋಬಿಟ್ ದಾಟದಿದ್ದುದಕ್ಕೆ ಕಾರಣ ತಾಮ್ರವಲ್ಲ, ಈ ಧ್ವನಿಮಿತಿ. ಇನ್ನೊಂದು ವಿಪರ್ಯಾಸವೂ ಉಂಟು. ಉದ್ದನೆಯ ಮಾರ್ಗಗಳಲ್ಲಿ ಮಾತು ಕ್ಷೀಣಿಸದಿರಲೆಂದು, ಮೈಕೇಲ್ ಪ್ಯೂಪಿನ್ 1900ರಲ್ಲಿ ಪೇಟೆಂಟ್ ಪಡೆದ ಬಗೆಯ ಸುರುಳಿಗಳನ್ನು ಅಮೆರಿಕದಲ್ಲಿ ಜೋಡಿಸಲಾಯಿತು. ಅವು ಧ್ವನಿಯನ್ನು ಕಾಪಾಡಿದವು, ಮೇಲಿನ ಆವರ್ತನಗಳಿಗೆ ಬಾಗಿಲು ಮುಚ್ಚಿದವು. ಬ್ರಾಡ್‌ಬ್ಯಾಂಡ್ ಬಂದಾಗ ಅವನ್ನು ಕಿತ್ತುಹಾಕಬೇಕಾಯಿತು.

ಒಂದೇ ಕೇಬಲ್ಲಿನ ಜೋಡಿತಂತಿಗಳು ಒಂದರ ಸಂಕೇತವನ್ನು ಇನ್ನೊಂದರಲ್ಲಿ ಬೆರೆಸುತ್ತವೆ. ಎರಡೂ ದಿಕ್ಕಿನಲ್ಲಿ ಸಮವೇಗ ಬಯಸಿದಾಗ ಈ ತೊಡಕು ಹೆಚ್ಚುವುದನ್ನು ಗಮನಿಸಿ, ಗ್ರಾಹಕನ ಕಡೆಗೆ ಹೆಚ್ಚು, ಅವನಿಂದ ಕಡಿಮೆ ಎಂಬ ಅಸಮ ಹಂಚಿಕೆಯನ್ನು ಬೆಲ್‌ಕೋರ್ ಸಂಸ್ಥೆಯ ಜೋಸೆಫ್ ಲೆಕ್‌ಲೈಡರ್ 1980ರ ದಶಕದಲ್ಲಿ ಪ್ರತಿಪಾದಿಸಿದರು. ಸ್ಟ್ಯಾನ್‌ಫರ್ಡ್‌ನ ಜಾನ್ ಸಿಯೋಫಿ ಮತ್ತು ಅವರ ಸಹಚರರ ವಿಧಾನ ಇನ್ನೂ ಸ್ವಾರಸ್ಯಕರ. ಸುಮಾರು 1.1 ಮೆಗಾಹರ್ಟ್ಸ್‌ವರೆಗಿನ ಹರಹನ್ನು 4.3125 ಕಿಲೋಹರ್ಟ್ಸ್ ಅಂತರದ 256 ಉಪವಾಹಿನಿಗಳಾಗಿ ಒಡೆಯಲಾಯಿತು. ಸಂಪರ್ಕ ಆರಂಭವಾಗುವಾಗ ಮೋಡೆಮ್ ಅವುಗಳನ್ನು ಪರೀಕ್ಷಿಸುತ್ತದೆ. ಶುದ್ಧವಾಗಿರುವಲ್ಲಿ ಹೆಚ್ಚು ಬಿಟ್‌ಗಳನ್ನು, ಗದ್ದಲವಿರುವಲ್ಲಿ ಕಡಿಮೆ ಬಿಟ್‌ಗಳನ್ನು ಹೇರುತ್ತದೆ, ತೀರ ಕೆಟ್ಟಲ್ಲಿ ಏನನ್ನೂ ಹೇರುವುದಿಲ್ಲ. ಇಂತಹ ವಿಭಜನೆಗೆ ಫೂರಿಯೆ ಗಣಿತವನ್ನು ಬಳಸಬಹುದೆಂದು ವೈನ್‌ಸ್ಟೈನ್ ಮತ್ತು ಎಬರ್ಟ್ 1971ರಲ್ಲಿಯೇ ತೋರಿಸಿದ್ದರು. 1993ರ ತುಲನಾತ್ಮಕ ಪರೀಕ್ಷೆಯಲ್ಲಿ ಈ ವಿಧಾನ ಪ್ರತಿಸ್ಪರ್ಧಿಗಳನ್ನು ಹಿಂದಿಕ್ಕಿತು; 1995ರಲ್ಲಿ ಅಮೆರಿಕದ, 1999ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು.

ಮೋಡೆಮ್ ಪರೀಕ್ಷಿಸುವುದು ಏನನ್ನು? ತಂತಿಯ ಉದ್ದ, ದಪ್ಪ, ಜಾಯಿಂಟುಗಳು, ಸಂಪರ್ಕ ಕಡಿದ ಮನೆಯ ಕಡೆಗೆ ಹಾಗೆಯೇ ಉಳಿದ ಕವಲು, ನೀರು ಹೊಕ್ಕ ಪೆಟ್ಟಿಗೆ. ಇವೆಲ್ಲ ಹೆಸರಿಲ್ಲದ ಲೈನ್‌ಮನ್‌ಗಳ ಕೈಗೆಲಸದ ಹಾಗೂ ಊರಿನ ಹವೆಯ ಗುರುತುಗಳು. ಮೌಖಿಕ ಕಾವ್ಯದ ಪಾಠಾಂತರಗಳನ್ನು ದೋಷವೆಂದು ತಿದ್ದುತ್ತಿದ್ದ ಸಂಪಾದಕರ ಕಾಲ ಒಂದಿತ್ತು. ಅವುಗಳಿಗೆ ಸ್ವತಂತ್ರ ಬೆಲೆಯಿದೆಯೆಂದು ಜಾನಪದ ಶಾಸ್ತ್ರ ಕಲಿತದ್ದು ನಂತರ. ತಂತಿ ತಂತಿಗೂ ಇರುವ ಭಿನ್ನತೆಯನ್ನು ಒಪ್ಪಿಕೊಂಡದ್ದರಿಂದಲೇ ಸಿಯೋಫಿಯವರ ಗಣಿತ ಫಲಿಸಿತೆಂದು ನನ್ನ ಅಭಿಪ್ರಾಯ.

ಭಾರತ ಸಂಚಾರ ನಿಗಮ 2005ರ ಜನವರಿಯಲ್ಲಿ ಇದೇ ತಂತ್ರದ ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿದಾಗ ಕರ್ನಾಟಕದ ಹಳೆಯ ಟೆಲಿಫೋನ್ ತಂತಿಗಳಿಗೂ ಎರಡನೆಯ ಬದುಕು ದೊರೆಯಿತು. ಈಗ ಅವುಗಳ ಜಾಗಕ್ಕೆ ಆಪ್ಟಿಕಲ್ ಫೈಬರ್ ಬರುತ್ತಿದೆ. 2020ರ ಜನವರಿ ಕೊನೆಯಲ್ಲಿ ನಿಗಮದ ಸುಮಾರು 78 ಸಾವಿರ ನೌಕರರು ಸ್ವಯಂನಿವೃತ್ತಿ ಪಡೆದರು. ಪೇಟೆಂಟುಗಳು, ಮಾನಕಗಳು ಗ್ರಂಥಾಲಯಗಳಲ್ಲಿ ಸುರಕ್ಷಿತವಾಗಿವೆ. ಯಾವ ಪಿಲ್ಲರ್ ಮಳೆಗಾಲದಲ್ಲಿ ಕೈಕೊಡುತ್ತದೆ, ಯಾವ ಜಾಯಿಂಟ್ ಯಾರ ಕೈಯದು, ತಂತಿಯಲ್ಲಿ ಗರಗರ ಕೇಳಿದರೆ ದೋಷವನ್ನು ಎಲ್ಲಿ ಹುಡುಕಬೇಕು ಎಂಬ ವೃತ್ತಿಜ್ಞಾನ ಬಹುಪಾಲು ಕಂಠಸ್ಥವಾಗಿಯೇ ಇದೆ. ವೃತ್ತಿಪದಕೋಶಗಳಲ್ಲಿ ನೇಕಾರ, ಕಮ್ಮಾರ, ಕುಂಬಾರರ ಮಾತುಗಳನ್ನು ಸಂಗ್ರಹಿಸಿದ ಕ್ರಮದಲ್ಲಿಯೇ ನಿವೃತ್ತ ಲೈನ್‌ಮನ್‌ಗಳ ಮಾತುಗಳನ್ನೂ ಧ್ವನಿಮುದ್ರಿಸುವ ಕೆಲಸವನ್ನು ಜಿಲ್ಲಾವಾರು ಕೈಗೊಳ್ಳಬಹುದು.