ಅನುಭೋಗವೂ ಒಡೆತನವೂ

ಹೊಸಪೇಟೆಯ ಸಂತೆಯಲ್ಲಾಗಲಿ ಕಂಪ್ಲಿಯ ಗದ್ದೆಯ ಬದುವಿನಲ್ಲಾಗಲಿ ಕೇಳಿಬರುವ ಮಾತೊಂದಿದೆ: ಹನ್ನೆರಡು ವರ್ಷ ಅನುಭವಿಸಿದವನಿಗೇ ನೆಲ. ನಮ್ಮ ಧರ್ಮಕೇಂದ್ರದ ಕುಟುಂಬಗಳಲ್ಲಿಯೂ ಈ ನಂಬಿಕೆ ಬಲವಾಗಿದೆ. ಶತಮಾನೋತ್ಸವದ ನಿಮಿತ್ತ ಹಿರಿಯರ ಪೆಟ್ಟಿಗೆಗಳಿಂದ ಹಳೆಯ ಕಾಗದಗಳನ್ನು ತೆಗೆದು ನೋಡುತ್ತಿರುವ ನಾವು ಈ ಮಾತಿನ ಪೂರ್ವಾಪರವನ್ನೂ ತುಸು ವಿಚಾರಿಸುವುದು ಉಚಿತ.

ಮಾತು ಪೂರ್ತಿ ಸುಳ್ಳಲ್ಲ. 1963ರ ಕಾಲಪರಿಮಿತಿ ಕಾಯಿದೆಯಂತೆ, ತನ್ನ ನೆಲ ಅನ್ಯರ ಪ್ರತಿಕೂಲ ಸ್ವಾಧೀನಕ್ಕೆ ಹೋದ ಮೇಲೆ ಒಡೆಯನು 12 ವರ್ಷದೊಳಗೆ ದಾವೆ ಹೂಡದಿದ್ದರೆ ಅವನ ಹಕ್ಕೇ ಅಳಿಯುತ್ತದೆ. ಸರ್ಕಾರದ ನೆಲಕ್ಕೆ ಈ ಅವಧಿ 30 ವರ್ಷ. 1908ರ ಕಾಯಿದೆಯಲ್ಲಿ 60 ಆಗಿತ್ತು. ಆದರೆ ಜನರು ಮರೆಯುವ ಅಂಶವೇ ಮುಖ್ಯವಾದುದು. ಅನುಭೋಗವು ಬಹಿರಂಗವಾಗಿ, ಎಡೆಬಿಡದೆ, ಒಡೆಯನ ಹಕ್ಕನ್ನು ಅಲ್ಲಗಳೆದು ನಡೆದಿರಬೇಕು. ಅಪ್ಪಣೆ ಪಡೆದು ಕುಳಿತವನಿಗೆ ನೂರು ವರ್ಷವಾದರೂ ಲೆಕ್ಕ ಆರಂಭವೇ ಆಗದು. ದುಡಿಮೆಗೆಂದು ಮುಂಬಯಿಗೆ ಹೋದ ತಮ್ಮನ ಪಾಲನ್ನು ಉಳುತ್ತ ಬಂದ ಅಣ್ಣನೂ ಸಾಮಾನ್ಯವಾಗಿ ತಮ್ಮನ ಪರವಾಗಿಯೇ ಉತ್ತಂತೆ. (ಈ ಒಂದು ಸಂಗತಿ ಮೊದಲೇ ತಿಳಿದಿದ್ದರೆ ಎಷ್ಟು ಮನೆಗಳ ವ್ಯಾಜ್ಯ ತಪ್ಪುತ್ತಿತ್ತೋ!)

ವಿಚಿತ್ರವೆಂದರೆ, ಕದ್ದು ಕುಳಿತವನಿಗಲ್ಲದಿದ್ದರೂ ಧಿಕ್ಕರಿಸಿ ಕುಳಿತವನಿಗೆ ಒದಗುವ ಈ ನಿಯಮ, ವಿಧೇಯನಾಗಿ ಗೇಣಿ ಅಳೆದ ರೈತನಿಗೆ ಒದಗುವುದಿಲ್ಲ. ಗೇಣಿ ಕೊಟ್ಟೊಡನೆ ಒಡೆಯನನ್ನು ಒಪ್ಪಿದಂತಾಯಿತು. ತಲೆಮಾರುಗಳು ಬೆವರು ಸುರಿಸಿದ ಹೊಲ ಆದ್ದರಿಂದಲೇ ಅವನದಾಗಲಿಲ್ಲ. 1949ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಸಂಡೂರಿನಲ್ಲಿ 1973ರಲ್ಲಿ ರೈತರ ಭೂಸತ್ಯಾಗ್ರಹ ನಡೆದುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮರುವರ್ಷವೇ ದೇವರಾಜ ಅರಸರ ಸರ್ಕಾರದ ತಿದ್ದುಪಡಿ ಜಾರಿಗೆ ಬಂದು, 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಉಳುವವನು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಭೂನ್ಯಾಯ ಮಂಡಲಿಯಿಂದ ಅಧಿಭೋಗದ ಹಕ್ಕು ಪಡೆಯಬಹುದಾಯಿತು. ಕಾಲ ಕೊಡದ ಹಕ್ಕನ್ನು ಶಾಸನ ಕೊಟ್ಟಿತು. ಸರ್ಕಾರಿ ನೆಲವನ್ನು ಅಪ್ಪಣೆಯಿಲ್ಲದೆ ಉಳುತ್ತಿದ್ದ ಬಡವರಿಗೂ ಬಗರ್ ಹುಕುಂ ಸಕ್ರಮದ ದಾರಿ ಬೇರೆಯಾಗಿಯೇ ತೆರೆಯಬೇಕಾಯಿತು.

ಪ್ರತಿಕೂಲ ಸ್ವಾಧೀನದ ನಿಯಮವೇ ಅಸಂಗತವೆಂದು 2008ರಲ್ಲಿ ಸುಪ್ರೀಂ ಕೋರ್ಟು ನುಡಿಯಿತು. 2019ರಲ್ಲಿ ಅದೇ ನ್ಯಾಯಾಲಯವು, ಇಂತಹ ಸ್ವಾಧೀನದಾರನು ತಾನೇ ದಾವೆ ಹೂಡಲೂ ಬಹುದೆಂದಿತು. 2023ರಲ್ಲಿ ಕಾನೂನು ಆಯೋಗವು ನಿಯಮವನ್ನು ಬದಲಿಸುವ ಅಗತ್ಯವಿಲ್ಲವೆಂದಿತು. ಪಂಡಿತರಲ್ಲಿಯೇ ಒಮ್ಮತವಿಲ್ಲ.

ನಮ್ಮ ಮನಸ್ಸನ್ನು ಹೆಚ್ಚು ಕಲಕಿದ್ದು ಹಂಪಿಯ ಪ್ರಸಂಗ. ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳ ಕಂಬಗಳ ನಡುವೆ ಗೋಡೆಯೆಬ್ಬಿಸಿಕೊಂಡು ಕುಟುಂಬಗಳು ದಶಕಗಳ ಕಾಲ ಬಾಳಿದವು, ಅಂಗಡಿ ನಡೆಸಿದವು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2011ರ ಜುಲೈಯಲ್ಲಿ ಆ ಮನೆ, ಅಂಗಡಿಗಳನ್ನು ತೆರವುಗೊಳಿಸಲಾಯಿತು. ಮಂಟಪಗಳು ರಾಷ್ಟ್ರದ ಸೊತ್ತೆಂಬುದನ್ನು ನಾವು ಒಪ್ಪುತ್ತೇವೆ. ಹಾಗೆಂದು ಒಲೆಯ ಬೂದಿ ಆರುವ ಮುನ್ನ ಹೊರಟವರ ದುಃಖ ಸುಳ್ಳಾಗದು. ಅವರಿಗೆ ಪುನರ್ವಸತಿಗೆಂದು ನಿವೇಶನ ಗುರುತಿಸಿದುದು ಕಡ್ಡಿರಾಂಪುರದಲ್ಲಿ, ಬಜಾರಿನಿಂದ ಕೆಲವು ಕಿಲೋಮೀಟರು ದೂರದಲ್ಲಿ, ಯಾತ್ರಿಕರು ನಡೆದು ಹೋಗುವ ದಾರಿಯಿಂದಾಚೆಗೆ.