ಉದ್ಯಾನದಿಂದ ಗೋಮಾಳಕ್ಕೆ: ಕರ್ನಾಟಕದಲ್ಲಿ ನೀಲಗಿರಿ

ಆಸ್ಟ್ರೇಲಿಯಾ ಮೂಲದ ಯೂಕಲಿಪ್ಟಸ್ ಮರವನ್ನು ಕನ್ನಡಿಗರು ‘ನೀಲಗಿರಿ’ ಎಂದೇ ಕರೆಯುತ್ತಾರೆ. 1843ರಿಂದ ಸೌದೆಗಾಗಿ ಅದನ್ನು ಬೆಳೆಸಿದ ಬೆಟ್ಟಗಳ ಹೆಸರೇ ಮರಕ್ಕೂ ನಿಂತಿತು. ಮೈಸೂರು ಸೀಮೆಗೆ ಅದು ಇನ್ನೂ ಮೊದಲೇ ಬಂದಿತ್ತು. ಸುಮಾರು 1790ರಲ್ಲಿ ಟಿಪ್ಪು ಸುಲ್ತಾನನು ನಂದಿಬೆಟ್ಟದ ಅರಮನೆ ತೋಟದಲ್ಲಿ ಇದನ್ನು ನೆಡಿಸಿದನೆಂದು ಅರಣ್ಯ ಇತಿಹಾಸಕಾರರು ಹೇಳುತ್ತಾರೆ. ‘ಮೈಸೂರು ಗಮ್’ ಎಂಬ ತಳಿಯು ನಂದಿಯ ಮರಗಳಿಂದಲೇ ಹರಡಿತು.

ಇದರ ಆರೈಕೆ ಕಠಿಣವಲ್ಲ. ಎಳೆಯ ಸಸಿಗಳಿಗೆ ಕಳೆ ತೆಗೆದು ನೀರುಣಿಸಬೇಕು. ಬೆಳೆದ ಮರವನ್ನು ಏಳೆಂಟು ವರ್ಷಗಳಿಗೊಮ್ಮೆ ಬುಡದಲ್ಲಿ ಕಡಿದರೆ ಮತ್ತೆ ಚಿಗುರುತ್ತದೆ. ದನಕರುಗಳು ಇದರ ಎಲೆಯನ್ನು ಮೇಯುವುದಿಲ್ಲ. ತೋಟದಲ್ಲಿ ಅನುಕೂಲವಾಗಿದ್ದ ಈ ಗುಣವೇ ಗೋಮಾಳದಲ್ಲಿ ಸಂಕಟಕ್ಕೆ ಕಾರಣವಾಯಿತು.

1984ರಲ್ಲಿ ಸರ್ಕಾರ ಮತ್ತು ಖಾಸಗಿ ಉದ್ದಿಮೆಯ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಹುಟ್ಟಿತು. ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯಲ್ಲಿ ಕಾರ್ಖಾನೆಗೆ ಬೇಕಾದ ನಾರುಮರ ಬೆಳೆಸುವುದು ಅದರ ಯೋಜನೆ. ಮೇವು, ಸೌದೆಗಳಿಗೆ ಆ ನೆಲವನ್ನೇ ನಂಬಿದ್ದ ಗ್ರಾಮಸ್ಥರು, ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ, 1987ರ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. ‘ಕಿತ್ತಿಕೋ-ಹಚ್ಚಿಕೋ’ ಎಂಬುದು ಈ ಸತ್ಯಾಗ್ರಹದ ಹೆಸರು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಹಚ್ಚು’ ಎಂದರೆ ನೆಡು. ರೈತನ ನಿತ್ಯದ ಎರಡು ಕ್ರಿಯಾಪದಗಳೇ ಇಲ್ಲಿ ಘೋಷಣೆಯಾದುವು. 1991ರಲ್ಲಿ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. 2017ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿ ಬೆಳೆಸುವುದನ್ನೇ ನಿಷೇಧಿಸಿತು.

ಆದುದರಿಂದ ನೀಲಗಿರಿಯ ಚರಿತ್ರೆಯನ್ನು ಮರದ ಗುಣದೋಷಗಳಿಗಷ್ಟೇ ಸೀಮಿತಗೊಳಿಸಲಾಗದು. ಅದು ಯಾರ ನೆಲದಲ್ಲಿ, ಯಾರ ಅಗತ್ಯಕ್ಕಾಗಿ ಬೆಳೆಯಿತು ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.